ಒಪ್ರೆಸ್: ಒಂದು ಕ್ರಿಯಾಪದದ ಚರಿತ್ರೆ, ಹಳಿಯಾಳ–ಜೋಯಿಡಾ ಸೀಮೆಯ ನೆಲದಲ್ಲಿ

ಒಪ್ರೆಸ್ ಇಂಗ್ಲಿಷಿನ ಒಂದು ಸಕರ್ಮಕ ಕ್ರಿಯಾಪದ. ಬಲವುಳ್ಳವರು ಬಲವಿಲ್ಲದವರನ್ನು ಅನ್ಯಾಯವಾಗಿ, ಬಿಡದೆ ಅದುಮಿ ಇಡುವುದು ಅದರ ಇಂದಿನ ಮುಖ್ಯಾರ್ಥ. ಕನ್ನಡದಲ್ಲಿ ಸಂದರ್ಭ ನೋಡಿ ದಬ್ಬಾಳಿಕೆ ನಡೆಸು, ತುಳಿ, ಪೀಡಿಸು, ಶೋಷಿಸು, ದಮನ ಮಾಡು ಎಂದೆಲ್ಲ ಬಳಸುತ್ತೇವೆ. ಆರು ಶತಮಾನಗಳಲ್ಲಿ ಈ ಕ್ರಿಯಾಪದದ ಕರ್ಮ ಹೆಚ್ಚು ಬದಲಾಗಿಲ್ಲ. ತುಳಿಸಿಕೊಳ್ಳುವವರು ಅಂದೂ ಇಂದೂ ಬಡವರು, ಹೆಂಗಸರು, ಪರದೇಶಿಗಳು, ದುಡಿಯುವವರು. ಬದಲಾದದ್ದು ಕರ್ತೃ. ಮೊದಮೊದಲು ಹೆಸರು ಹಿಡಿದು ತೋರಿಸಬಹುದಾದ ದೊರೆಯೋ ಅಧಿಕಾರಿಯೋ ಮಾಡುತ್ತಿದ್ದ ಕೆಲಸವನ್ನು ಕಾಲಕ್ರಮದಲ್ಲಿ ಕಾಯ್ದೆ, ಕಡತ, ಯೋಜನೆ, ಪಟ್ಟಿ ಮಾಡತೊಡಗಿದವು. ಈ ಬದಲಾವಣೆಯನ್ನು ನಿಘಂಟಿನಲ್ಲಿ ಓದಿ ತಿಳಿಯುವುದು ಕಷ್ಟ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ಚರಿತ್ರೆಯಲ್ಲಿ ಅದು ಎದ್ದು ಕಾಣುತ್ತದೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳಾದ ಸಿದ್ದಿಗಳು, ಕುಮರಿ ಬೇಸಾಯ ಕಳೆದುಕೊಂಡವರು, ಅಣೆಕಟ್ಟೆಗೆ ಊರನ್ನೇ ಬಿಟ್ಟುಕೊಟ್ಟವರು, ದೇಶ ಬಿಟ್ಟು ಬಂದ ಟಿಬೆಟಿಯನ್ನರು, ಎಲ್ಲರೂ ಈ ಸಣ್ಣ ಸೀಮೆಯಲ್ಲಿ ಅಕ್ಕಪಕ್ಕದಲ್ಲಿದ್ದಾರೆ.

ಹುಟ್ಟು ಮತ್ತು ಮೊದಲ ಅರ್ಥಗಳು

ಪದದ ಮೂಲ ಲ್ಯಾಟಿನ್ನಿನ ಒಪ್ರಿಮೆರೆ. 'ಮೇಲಿನಿಂದ', 'ಎದುರಾಗಿ' ಎಂಬ ಭಾವದ ಉಪಸರ್ಗಕ್ಕೆ 'ಒತ್ತು' ಎಂಬ ಅರ್ಥದ ಪ್ರೆಮೆರೆ ಸೇರಿ ಆದದ್ದು. ಮಧ್ಯಯುಗದ ಲ್ಯಾಟಿನ್, ಹಳೆಯ ಫ್ರೆಂಚ್ ದಾಟಿ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಅದಕ್ಕೆ ಮೈಗೆ ತಾಗುವ ಅರ್ಥವಿತ್ತು: ಭಾರ ಹೇರಿ ನಜ್ಜುಗುಜ್ಜು ಮಾಡುವುದು, ಶತ್ರುವನ್ನು ಮುಗಿಬಿದ್ದು ಅಡಗಿಸುವುದು. ಚಾಸರನ ಕಾಲದ ಬರಹಗಳಲ್ಲಿ ಹೆಣ್ಣಿನ ಮೇಲಿನ ಬಲಾತ್ಕಾರಕ್ಕೂ ಇದೇ ಕ್ರಿಯಾಪದ ಬಳಕೆಯಾಯಿತು. ಆ ಅರ್ಥ ಮುಂದೆ ಬಳಕೆ ತಪ್ಪಿತು. ಸೆಖೆ, ದುಃಖ, ನಿದ್ದೆ ಮನುಷ್ಯನನ್ನು ಅಮುಕುತ್ತವೆ ಎಂಬ ಅರ್ಥ ಮಾತ್ರ ಇಂದಿಗೂ ಉಳಿದಿದೆ.

ರಾಜಕೀಯದ ಅರ್ಥಕ್ಕೆ ಬೇರು ಕೊಟ್ಟದ್ದು ಬೈಬಲ್. 1611ರ ಇಂಗ್ಲಿಷ್ ಬೈಬಲಿನಲ್ಲಿ ಕೂಲಿ ತಡೆಹಿಡಿಯುವ ಧಣಿ, ಅನಾಥರನ್ನೂ ವಿಧವೆಯರನ್ನೂ ಕಾಡುವವ, ಪರದೇಶಿಯನ್ನು ಗೋಳುಹುಯ್ದುಕೊಳ್ಳುವವ ಎಲ್ಲರಿಗೂ ಈ ಒಂದೇ ಕ್ರಿಯಾಪದ ಅಂಟಿಕೊಂಡಿದೆ. ಪ್ರವಾದಿಗಳು ಅದನ್ನು ಆರೋಪದ ದನಿಯಲ್ಲಿ ಬಳಸಿದರು. ಆರೋಪವೆಂದ ಮೇಲೆ ಆರೋಪಿ ಇರಲೇಬೇಕು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಇಂಗ್ಲೆಂಡಿನ ದೊರೆಯ ತಪ್ಪುಗಳನ್ನು ಒಂದೊಂದಾಗಿ ಎಣಿಸಿ ಅವುಗಳನ್ನು ಇದೇ ಹೆಸರಿನಿಂದ ಕರೆಯಿತು. 1788ರಲ್ಲಿ ಎಡ್ಮಂಡ್ ಬರ್ಕ್ ಲಂಡನ್ನಿನಲ್ಲಿ ವಾರನ್ ಹೇಸ್ಟಿಂಗ್ಸನ ಮೇಲೆ ಮಹಾಭಿಯೋಗ ಮಂಡಿಸುವಾಗ ಅವನನ್ನು ಎಲ್ಲರ ಸಮಾನ ಶತ್ರು, ಎಲ್ಲರನ್ನೂ ತುಳಿದವನು ಎಂದು ಕರೆದ. ಭಾರತದ ಜನರ ಪರವಾಗಿ ಈ ಪದ ಅಷ್ಟು ದೊಡ್ಡ ಸಭೆಯಲ್ಲಿ ಮೊಳಗಿದ ಸಂದರ್ಭ ಅದು. ವಿಚಾರಣೆ ಏಳು ವರ್ಷ ನಡೆದು 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ.

ಕಂಪನಿಯ ಕಡತಗಳಲ್ಲಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂದಿನ ಉತ್ತರ ಕನ್ನಡವೂ ಸೇರಿದ್ದ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಬಂಡಾಯಗಾರ ಧೋಂಡಿಯಾ ವಾಘನ ಬೆನ್ನು ಹತ್ತಿದ ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಗೆ ಹಳಿಯಾಳ ಒಂದು ದಂಡಿನ ಠಾಣೆಯಾಗಿತ್ತು; ಅವನ ಪತ್ರಗಳಲ್ಲಿ ಹಳಿಯಾಳ, ಸೂಪಾ ಎರಡರ ಹೆಸರೂ ಬರುತ್ತವೆ. ಹೊಸ ಸರ್ಕಾರ ಹಿಂದಿನ ದೊರೆಗಳ ಆಳ್ವಿಕೆಯನ್ನು ದಬ್ಬಾಳಿಕೆಯೆಂದು ಬಣ್ಣಿಸಿ ಜನರನ್ನು ಅದರಿಂದ ಬಿಡಿಸಲು ಬಂದದ್ದು ತಾನೆಂದು ತೋರಿಸಿಕೊಂಡಿತು. ಆದರೆ 1830–31ರಲ್ಲಿ ಕೆನರಾದ ರೈತರು ಊರೂರಲ್ಲಿ ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದು ಕುಳಿತರು. ಅದೇ ಹೊತ್ತಿಗೆ ಘಟ್ಟದ ಆಚೆ ಕಿತ್ತೂರಿನ ನೆಲದಲ್ಲಿ ಸಂಗೊಳ್ಳಿ ರಾಯಣ್ಣನ ಹೋರಾಟ ನಡೆದಿತ್ತು. 1831ರ ಜನವರಿಯಲ್ಲಿ ಅವನನ್ನು ಗಲ್ಲಿಗೇರಿಸಿದ ನಂದಗಡ ಹಳಿಯಾಳಕ್ಕೆ ದೂರವಿಲ್ಲ. ಅವನ ಬಂಟರಲ್ಲಿ ಒಬ್ಬನಾದ ಗಜವೀರ ಸಿದ್ದಿಯೆಂದು ಜನಪದ ನೆನಪು ಹೇಳುತ್ತದೆ.

ಮುಂದೆ ಇಂಗ್ಲಿಷರೇ ತಮ್ಮ ಆಡಳಿತದೊಳಗೆ ದಬ್ಬಾಳಿಕೆಯನ್ನು ಹುಡುಕಬೇಕಾಯಿತು. ಕಂದಾಯ ವಸೂಲಿಗೆ ರೈತರನ್ನು ಚಿತ್ರಹಿಂಸೆಗೆ ಗುರಿಮಾಡುತ್ತಾರೆಂಬ ದೂರುಗಳು ಪಾರ್ಲಿಮೆಂಟಿನವರೆಗೆ ಹೋದ ಮೇಲೆ ಮದ್ರಾಸ್ ಪ್ರಾಂತದಲ್ಲಿ ಆಯೋಗ ನೇಮಕವಾಗಿ 1855ರಲ್ಲಿ ವರದಿ ಹೊರಬಂತು. ಕೆನರಾ ಆಗ ಮದ್ರಾಸ್ ಪ್ರಾಂತದಲ್ಲೇ ಇತ್ತು. ಹಿಂಸೆ ನಡೆಯುತ್ತಿದೆಯೆಂದು ಆಯೋಗ ಒಪ್ಪಿಕೊಂಡಿತು. ಅದರ ಹೊಣೆಯನ್ನು ಮಾತ್ರ ಕೆಳಗಿನ ದೇಶೀ ನೌಕರರ ಮೇಲೆ ಹೊರಿಸಿ ಯೂರೋಪಿಯನ್ ಅಧಿಕಾರಿಗಳನ್ನು ಬಿಟ್ಟುಕೊಟ್ಟಿತು. ತೆರಿಗೆಯ ದರ ನಿಗದಿ ಮಾಡಿದವರು ಬೇರೆ, ಹೊಡೆದ ಕೈ ಬೇರೆ. ತುಳಿದವರು ಯಾರೆಂದು ಕೇಳಿದಾಗ ಸಿಕ್ಕಿದ್ದು ಹೊಡೆದ ಕೈಯ ಹೆಸರು ಮಾತ್ರ. ಈ ಪದದ ಚರಿತ್ರೆಯಲ್ಲಿ ಈ ವರದಿಯನ್ನು ತಿರುವು ಎಂದು ಗುರುತಿಸಬೇಕು.

1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಕ್ಕೆ ಸ್ವಲ್ಪ ಮೊದಲು, 1858–59ರಲ್ಲಿ, ಸೂಪಾದ ಕಾಡಿನಲ್ಲಿ ಸಾವಂತವಾಡಿಯ ಕಡೆಯಿಂದ ಬಂದ ಬಂಡಾಯಗಾರರ ಜೊತೆ ಸಿದ್ದಿ ಬಸ್ತ್ಯಾಂವ ಎಂಬ ನಾಯಕ ಸರ್ಕಾರದ ವಿರುದ್ಧ ಕಾದಾಡಿ ಮಡಿದ. ಕಡತಗಳು ಅವನನ್ನು ಬಂಡುಕೋರರ ಸಾಲಿನಲ್ಲಿ ಬರೆದಿವೆ. ತುಳಿಸಿಕೊಂಡವರು ತಿರುಗಿಬಿದ್ದಾಗ ಆಡಳಿತದ ಭಾಷೆಯಲ್ಲಿ ಅವರ ಹೆಸರು ಹೀಗೆಯೇ ಬದಲಾಗುತ್ತಿತ್ತು.

ಇದೇ ಪ್ರೆಮೆರೆಯ ಇನ್ನೊಂದು ಕುಡಿ ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತು: ಡಿಪ್ರೆಸ್ಡ್ ಕ್ಲಾಸಸ್. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆಗೂ, 1906ರಲ್ಲಿ ಜಮಖಂಡಿಯವರಾದ ವಿಠ್ಠಲ ರಾಮಜಿ ಶಿಂದೆ ಮುಂಬಯಿಯಲ್ಲಿ ಕಟ್ಟಿದ ಸಂಸ್ಥೆಗೂ ಇದೇ ಹೆಸರು. 'ಕೆಳಕ್ಕೆ ಒತ್ತಲ್ಪಟ್ಟ ವರ್ಗಗಳು' ಎಂಬ ಈ ಮಾತು ಒತ್ತಿದ ಕೈಯನ್ನು ಹೇಳುವುದಿಲ್ಲ. ಆ ಜನ ತಾವಾಗಿಯೇ ಕುಸಿದಿದ್ದಾರೇನೋ ಎಂಬಂತೆ ಕೇಳಿಸುತ್ತದೆ. 1935ರ ಭಾರತ ಸರ್ಕಾರದ ಕಾಯ್ದೆ ಅದರ ಜಾಗದಲ್ಲಿ ಪರಿಶಿಷ್ಟ ಜಾತಿ ಎಂಬ ಪಟ್ಟಿಯ ಭಾಷೆಯನ್ನು ತಂದಿತು. ಪಟ್ಟಿಯಲ್ಲಿ ಹೆಸರಿರುವುದು, ಇಲ್ಲದಿರುವುದು ಬದುಕನ್ನೇ ತೀರ್ಮಾನಿಸುವ ಕಾಲ ಅಲ್ಲಿಂದ ಶುರುವಾಯಿತು.

ಕನ್ನಡದ ಮಾತುಗಳು

ಕನ್ನಡಕ್ಕೆ ಈ ಅನುಭವವನ್ನು ಹೇಳಲು ಇಂಗ್ಲಿಷಿನ ಹಂಗಿರಲಿಲ್ಲ. ತುಳಿ, ಮೆಟ್ಟು, ಅದುಮು, ಹಿಂಡು, ಸುಲಿ ಎಲ್ಲವೂ ಮೈಯ ಮೇಲೆ ನಡೆಯುವ ಕ್ರಿಯೆಗಳು. ದಬ್ಬಾಳಿಕೆಯಲ್ಲಿ ದಬ್ಬುವುದೂ ಆಳುವುದೂ ಒಟ್ಟಿಗೆ ಕೇಳುತ್ತವೆ. ಸಂಸ್ಕೃತದಿಂದ ಬಂದ ಪೀಡೆಯ ಮೂಲಾರ್ಥವೂ ಒತ್ತುವುದು, ಹಿಂಡುವುದೇ. ಕ್ರಿ.ಶ. 150ರ ರುದ್ರದಾಮನನ ಜುನಾಗಢ ಶಾಸನದಲ್ಲಿ ದೊರೆ ಕೆರೆಯ ಏರಿಯನ್ನು ಮತ್ತೆ ಕಟ್ಟಿಸಿದ್ದನ್ನು ಹೇಳುತ್ತ, ತೆರಿಗೆಯಿಂದಾಗಲಿ ವಿಷ್ಟಿಯಿಂದಾಗಲಿ ಊರಿನ, ನಾಡಿನ ಜನರನ್ನು ಪೀಡಿಸಲಿಲ್ಲವೆಂದು ಹೆಮ್ಮೆಯಿಂದ ಬರೆಸಿದ್ದಾನೆ. ಹಾಗೆ ಪೀಡಿಸುವುದು ದೊರೆಗಳ ರೂಢಿಯಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಆ ವಿಷ್ಟಿಯೇ ಕನ್ನಡದ ಬಿಟ್ಟಿ. ದಾನಶಾಸನಗಳಲ್ಲಿ ಬಿಟ್ಟಿಯಿಂದ ವಿನಾಯಿತಿ ಕೊಡುವ ಮಾತು ಬರುತ್ತದೆ. ಕೂಲಿಯಿಲ್ಲದೆ ದುಡಿಸಿಕೊಳ್ಳುವ ಹಕ್ಕಿಗೆ ಹೆಸರಾಗಿದ್ದ ಪದ ಇಂದು ಪುಕ್ಕಟೆ ಸಿಗುವ ವಸ್ತುವಿಗೆ ಹೆಸರಾಗಿದೆ. ದುಡಿದವನು ಪದದಿಂದಲೇ ಮಾಯವಾಗಿ, ಪಡೆದವನ ಲಾಭ ಮಾತ್ರ ಉಳಿದಿರುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಅರಬ್ಬಿ ಮೂಲದ ಜುಲುಮೆ ಪಾರಸಿಯ ಮೂಲಕ, ಮರಾಠಿ ಉರ್ದುಗಳ ಒಡನಾಟದಲ್ಲಿ ಮುಂಬಯಿ ಕರ್ನಾಟಕದ ಮಾತಿನಲ್ಲಿ ಬೆರೆತುಹೋಗಿದೆ. ಹಳಿಯಾಳದ ಕಡೆ ಜುಲ್ಮಿ, ಜಬರದಸ್ತಿ ಎಂದರೆ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ದಂಡಕ್ಕೆ ಹೇಳುವ ಜುಲ್ಮಾನೆ ಬೇರೆ ಮೂಲದ್ದು. ಆದರೆ ಕಾಡಿನಿಂದ ಕಟ್ಟಿಗೆ ತಂದದ್ದಕ್ಕೆ ದಂಡ ಕಟ್ಟಿದವರ ಕಿವಿಗೆ ಜುಲ್ಮಿ, ಜುಲ್ಮಾನೆ ಎರಡೂ ಹತ್ತಿರದ ಮಾತುಗಳೇ. ಶೋಷಣೆಯ ಮೂಲಾರ್ಥ ಒಣಗಿಸುವುದು, ಹೀರುವುದು. ದುಡಿಮೆಯ ಫಲವನ್ನು ಹೀರುವುದೆಂಬ ಅರ್ಥವನ್ನು ಅದಕ್ಕೆ ಕೊಟ್ಟದ್ದು 20ನೇ ಶತಮಾನದ ಕಾರ್ಮಿಕ, ರೈತ ಚಳವಳಿಗಳು. ದಲಿತ ಎಂಬ ಮಾತಿಗೂ ಒಡೆದುಹೋದ, ಹೊಸಕಿಹಾಕಲ್ಪಟ್ಟ ಎಂಬುದು ಮೂಲಾರ್ಥ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಅದನ್ನು ತಲೆ ಎತ್ತಿ ಹೇಳುವ ಹೆಸರಾಗಿಸಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, 1975ರಲ್ಲಿ 'ಹೊಲೆಮಾದಿಗರ ಹಾಡು' ಪ್ರಕಟಿಸಿದ ಸಿದ್ಧಲಿಂಗಯ್ಯ ಮೊದಲಾದವರಿಂದ ಕನ್ನಡದಲ್ಲಿ ತುಳಿದವರನ್ನು ಮುಖಕ್ಕೆ ಮುಖ ಕೊಟ್ಟು ಕೇಳುವ ದನಿ ಹುಟ್ಟಿತು. ಅದೇ ಕಾಲದಲ್ಲಿ ಪತ್ರಿಕೆಗಳಲ್ಲಿ, ಸರ್ಕಾರಿ ಭಾಷಣಗಳಲ್ಲಿ 'ತುಳಿತಕ್ಕೊಳಗಾದವರು' ಎಂಬ ಕರ್ಮಣಿ ರೂಪವೂ ಬೆಳೆಯಿತು. ಆ ಮಾತಿನಲ್ಲಿ ಮರುಕವಿದೆ, ಆರೋಪವಿಲ್ಲ.

ಸಿದ್ದಿಗಳು

ಈ ಕ್ರಿಯಾಪದದ ಅತಿ ಹಳೆಯ, ಮೈಮೇಲಿನ ಅರ್ಥವನ್ನು ಪೂರ್ತಿ ಅನುಭವಿಸಿದವರು ಸಿದ್ದಿಗಳು. ಆಫ್ರಿಕದ ಪೂರ್ವ ಕರಾವಳಿಯ ಕಡೆಯಿಂದ ಗೋವೆಗೆ ಪೋರ್ಚುಗೀಸರು ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟ ಹತ್ತಿ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲೆಗಳ ಕಾಡು ಸೇರಿದರು. ಗರಡೊಳ್ಳಿ, ಮೈನಳ್ಳಿ, ಗುಂಜಾವತಿಯಂಥ ಊರುಗಳಲ್ಲಿ ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳ ಸಿದ್ದಿಗಳಿದ್ದಾರೆ. ಮನೆಮಾತು ಅವರದೇ ಬಗೆಯ ಕೊಂಕಣಿ. ಕನ್ನಡ, ಮರಾಠಿ, ಉರ್ದು ಊರ ಮಾತುಗಳು. ಡಮಾಮಿ ವಾದ್ಯದ ಕುಣಿತವೂ ಹೆಂಗಸರು ಹಳೆಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯೂ ಇಂದು ಹೊರಗಿನವರಿಗೂ ಪರಿಚಿತ.

1843ರ ಕಾಯ್ದೆ ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತು. 1869ರಲ್ಲಿ ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲೆಲ್ಲ ಗುಲಾಮಗಿರಿ ರದ್ದೆಂದು ಆಜ್ಞೆ ಹೊರಡಿಸಿತು. ಕಾಗದದ ಮೇಲೆ ಒಡೆಯ ಇಲ್ಲವಾದ. ಆದರೆ ಕಾಡಿನಂಚಿನಲ್ಲಿ ನೆಲೆಸಿದವನಿಗೆ ನೆಲವಿರಲಿಲ್ಲ, ಎತ್ತಿರಲಿಲ್ಲ. ಮದುವೆಗೋ ಮಳೆಗಾಲದ ಅಕ್ಕಿಗೋ ಧಣಿಯ ಮನೆಯಲ್ಲಿ ಸಾಲ ಮಾಡಿ, ಸಾಲ ತೀರುವವರೆಗೆ ದುಡಿಯುವ ಜೀತ ಗುಲಾಮಗಿರಿಯ ಜಾಗಕ್ಕೆ ಬಂತು. ಸಾಲ ತೀರುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಇಲ್ಲದ ಈ ವ್ಯವಸ್ಥೆಯಲ್ಲಿ ಒಡೆಯನೇ ಅನ್ನದಾತನೆಂಬ ಮಾತು ಸಲೀಸಾಗಿ ಚಲಾವಣೆಯಾಗುತ್ತದೆ. ಅದರಿಂದಲೇ ಅದು ಗುಲಾಮಗಿರಿಗಿಂತ ಹೆಚ್ಚು ಕಾಲ ಬಾಳಿತೆಂದು ಹೇಳಬೇಕು.

1976ರ ಜೀತಪದ್ಧತಿ ನಿರ್ಮೂಲನಾ ಕಾಯ್ದೆ ಜೀತವನ್ನು ಅಪರಾಧವಾಗಿಸಿ ಜೀತದ ಸಾಲಗಳನ್ನೆಲ್ಲ ರದ್ದುಪಡಿಸಿತು. ಅದಕ್ಕೆ ಎರಡು ವರ್ಷ ಹಿಂದೆ, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಗೇಣಿಪದ್ಧತಿಯನ್ನೇ ತೆಗೆದುಹಾಕಿತ್ತು. ಉತ್ತರ ಕನ್ನಡದಲ್ಲಿ ಅದರ ಹಿಂದೆ ದಿನಕರ ದೇಸಾಯಿಯವರ ರೈತಕೂಟದ ದೀರ್ಘ ಹೋರಾಟವಿತ್ತು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತ್ತು. ಗೇಣಿದಾರರಿಗೆ 1974ರ ತಿದ್ದುಪಡಿ ನಿಜವಾದ ಬಿಡುಗಡೆ. ಗೇಣಿ ಚೀಟಿಯೂ ಇಲ್ಲದೆ ದುಡಿದ ಜೀತದಾಳಿಗೆ, ಅರಣ್ಯದ ನೆಲದಲ್ಲಿ ಸಾಗುವಳಿ ಮಾಡಿದವನಿಗೆ ಅದು ಸಿಗಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನನ್ನು ಭೂಕಾಯ್ದೆ ಕಾಣಲಾರದು. ಸಿದ್ದಿಗಳಲ್ಲಿ ಬಹಳ ಜನ ಹೀಗೆ ಕಾಣದೆ ಉಳಿದವರು. ಅವರ ನಡುವೆ ಕೆಲಸ ಮಾಡಿ, ಮುಂದೆ ಜೀತವಿಮುಕ್ತಿಗಾಗಿ ಜೀವಿಕ ಸಂಘಟನೆ ಕಟ್ಟಿದ ಕಿರಣ್ ಕಮಲ್ ಪ್ರಸಾದ್ ಸಿದ್ದಿಗಳ ಕುರಿತು ದೊಡ್ಡ ಅಧ್ಯಯನವನ್ನೂ ಬರೆದಿದ್ದಾರೆ. ಅದಕ್ಕೂ ಮೊದಲು, 1976ರಲ್ಲಿ, ಟಿ.ಸಿ. ಪಾಲಾಕ್ಷಪ್ಪನವರ ಪುಸ್ತಕ ಬಂದಿತ್ತು.

1980ರ ದಶಕದ ಕೊನೆಯಲ್ಲಿ ಭಾರತ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳ ತರಬೇತಿ ಕೊಡತೊಡಗಿತು. ಪದಕ ಗೆದ್ದವರೂ ಇದ್ದರು. ಆಫ್ರಿಕ ಮೂಲದ ಮೈಕಟ್ಟು ಎಂಬ ಲೆಕ್ಕಾಚಾರದ ಮೇಲೆ ನಿಂತಿದ್ದ ಆ ಯೋಜನೆ 1990ರ ದಶಕದ ಆರಂಭದಲ್ಲಿ ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು. ಅವಕಾಶ ಕೊಟ್ಟದ್ದನ್ನು ದಬ್ಬಾಳಿಕೆ ಎನ್ನಲಾಗದು. ಆದರೂ ಒಂದು ಜನಾಂಗವನ್ನು ಮೈಯೆಂದಷ್ಟೇ ಎಣಿಸುವ ಹಳೆಯ ನೋಟ ಅದರೊಳಗೆ ಇರಲಿಲ್ಲವೆಂದು ಹೇಳುವುದು ಕಷ್ಟ.

ಕಾಡು, ಕಾಯ್ದೆ, ಅತಿಕ್ರಮಣ

ಜೋಯಿಡಾದ ಕುಣಬಿಗಳ ಕಥೆಯಲ್ಲಿ ಒಡೆಯನೇ ಇಲ್ಲ. ಅವರು ಕಾಡಿನ ತುಂಡೊಂದನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಬಿತ್ತಿ, ಕೆಲ ವರ್ಷಗಳ ಮೇಲೆ ಆ ಜಾಗವನ್ನು ಕಾಡಿಗೇ ಬಿಟ್ಟು ಮುಂದೆ ಸಾಗುವ ಕುಮರಿ ಬೇಸಾಯಗಾರರು. ಕಂಪನಿ ಸರ್ಕಾರಕ್ಕೆ ಸಾಗುವಾನಿ ಬೇಕಾಗಿತ್ತು: ಹಡಗಿಗೆ, ಆಮೇಲೆ ರೈಲಿಗೆ. ಮುಂಬಯಿಯ ಅರಣ್ಯಾಧಿಕಾರಿ ಗಿಬ್ಸನ್, ಮದ್ರಾಸಿನ ಕ್ಲೆಗ್‌ಹಾರ್ನ್ ಇಬ್ಬರೂ ಕುಮರಿಯನ್ನು ಕಾಡಿನ ನಾಶವೆಂದು ಕಂಡರು. 1860ರಲ್ಲಿ ಮದ್ರಾಸ್ ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. ಸೂಪಾದ ಕಡೆ ಅದು ಕಟ್ಟುಪಾಡುಗಳ ನಡುವೆ ಇನ್ನಷ್ಟು ಕಾಲ ಉಸಿರು ಹಿಡಿದಿತ್ತು. 1878ರ ಅರಣ್ಯ ಕಾಯ್ದೆ ಕಾದಿಟ್ಟ ಅರಣ್ಯಗಳನ್ನು ಗುರುತಿಸಿ, ಜನರ ಬಳಕೆಯನ್ನು ಹಕ್ಕು, ಸವಲತ್ತು ಎಂದು ವಿಂಗಡಿಸಿತು. ಹಕ್ಕನ್ನು ಕಸಿಯಲು ಕಾರಣ ಕೊಡಬೇಕು. ಸವಲತ್ತನ್ನು ಹಿಂತೆಗೆದುಕೊಳ್ಳಲು ಸಹಿ ಸಾಕು. ಸೊಪ್ಪು, ಕಟ್ಟಿಗೆ, ಮೇವು, ಜೇನು, ಬಿದಿರು ಎಲ್ಲವೂ ಅಂದಿನಿಂದ ಸರ್ಕಾರ ಮನಸ್ಸು ಮಾಡಿ ಕೊಡುವ ವಸ್ತುಗಳಾದವು. ಅಜ್ಜ ಮಾಡುತ್ತಿದ್ದ ಕೆಲಸವೇ ಮೊಮ್ಮಗನ ಕಾಲಕ್ಕೆ ಗುನ್ನೆ. 1930ರ ಕಾಯ್ದೆಭಂಗ ಚಳವಳಿಯಲ್ಲಿ ಈ ಜಿಲ್ಲೆಯ ಜನ ಉಪ್ಪಿನ ಜೊತೆಗೆ ಕಾಡಿನ ಕಾಯ್ದೆಯನ್ನೂ ಮುರಿದದ್ದಕ್ಕೆ ಕಾರಣ ಇದೇ.

ಸ್ವಾತಂತ್ರ್ಯಾನಂತರ ಮರ ಹೋಗುವ ದಾರಿ ಬದಲಾಯಿತು, ಜನರ ಸ್ಥಾನ ಬದಲಾಗಲಿಲ್ಲ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಿಂದ ಕಾಗದ ಮಾಡತೊಡಗಿತು. ಅದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ದಾಂಡೇಲಿ ಪಟ್ಟಣವಾಗಿ ಬೆಳೆದದ್ದೇ ಅದರಿಂದ. ಕಾಗದ ಕಾರ್ಖಾನೆಗಳಿಗೆ ಸರ್ಕಾರ ಬಿದಿರನ್ನು ಅತಿ ಅಗ್ಗದ ದರಕ್ಕೆ ಒದಗಿಸಿದಾಗ, ಬುಟ್ಟಿ ಹೆಣೆಯುವ ಮೇದಾರರಿಗೆ ಬಿದಿರು ಸಿಗದಂತಾಯಿತು. 1970ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಬಿದಿರು ಯಾಕೆ ಕಡಿಮೆಯಾಗುತ್ತಿದೆಯೆಂದು ಈ ಜಿಲ್ಲೆಯ ಕಾಡಿನಲ್ಲಿ ಅಧ್ಯಯನ ಮಾಡಿದರು. ದನ ಮೇಯಿಸುವವರೇ ಕಾರಣವೆಂಬ ಮಾತು ಆಗ ಪ್ರಚಾರದಲ್ಲಿತ್ತು. ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಕಡಿದು ಸ್ವಚ್ಛ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಇಲಾಖೆ ನಂಬಿತ್ತು. ಆ ಮುಳ್ಳೇ ಎಳೆಯ ಕಳಲೆಯನ್ನು ದನಕರು, ಕಾಡುಪ್ರಾಣಿಗಳ ಬಾಯಿಂದ ಕಾಯುತ್ತಿತ್ತು. ಹಳ್ಳಿಗರಿಗೆ ಇದು ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. ತಿಳಿದವನ ತಿಳಿವಳಿಕೆಗೆ ಬೆಲೆಯೇ ಇಲ್ಲದಂತೆ ಮಾಡುವುದನ್ನು ಹಳೆಯ ಇಂಗ್ಲಿಷಿನ ಒಪ್ರೆಸ್ ಒಳಗೊಂಡಿರಲಿಲ್ಲ. ಇಂದಿನ ಒಪ್ರೆಸ್ ಒಳಗೊಳ್ಳುತ್ತದೆ.

ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟೆ 1987ರಲ್ಲಿ ಮುಗಿಯಿತು. ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಸೂಪಾ ಪೇಟೆ ನೀರಿನಡಿ ಹೋಗಿ, ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಊರು ಕಳೆದುಕೊಂಡ ಎಷ್ಟೋ ಕುಟುಂಬಗಳು ರಾಮನಗರಕ್ಕೆ ಬಂದು ನೆಲೆಸಿದವು. ಇಲ್ಲಿನ ಮಾತು 'ಮುಳುಗಡೆ'. ಮುಳುಗಡೆಯಾಯಿತು, ಮುಳುಗಡೆಯವರು, ಮುಳುಗಡೆ ಹಣ: ಈ ನಾಮಪದದಲ್ಲಿ ಮುಳುಗಿಸಿದವರಿಲ್ಲ, ನೀರೂ ಇಲ್ಲ. ಅದರ ಪಕ್ಕದಲ್ಲಿ 'ಒಕ್ಕಲೆಬ್ಬಿಸು' ಎಂಬ ಹಳೆಯ ಕ್ರಿಯಾಪದವನ್ನಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಒಕ್ಕಲನ್ನು ಎಬ್ಬಿಸಿದರು ಎಂದ ಕೂಡಲೇ, ಯಾರು ಎಂಬ ಪ್ರಶ್ನೆ ಬರುತ್ತದೆ. ಸಾರ್ವಜನಿಕ ಬರವಣಿಗೆಯಲ್ಲಿ ಎರಡನೆಯದು ಹೆಚ್ಚು ಬಳಕೆಗೆ ಬರಬೇಕೆಂಬುದು ಈ ಲೇಖಕನ ಅಭಿಪ್ರಾಯ.

1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ. 2015ರಿಂದ ಅದರ ಹೆಸರು ಕಾಳಿ. ಹುಲಿಗೆ ಕಾಡು ಬೇಕು, ಈ ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಒಳಗಿನ ಹಳ್ಳಿಗಳವರಿಗೆ ಹಣದ ಪ್ಯಾಕೇಜ್ ಕೊಟ್ಟು ಹೊರಗೆ ಕಳಿಸುವುದನ್ನು ಸ್ವಯಂಪ್ರೇರಿತ ಸ್ಥಳಾಂತರ ಎನ್ನುತ್ತಾರೆ. ಕೆಲವರು ರಸ್ತೆ, ಶಾಲೆ, ಆಸ್ಪತ್ರೆ ಹತ್ತಿರವಾಗಲೆಂದು ಮನಸಾರೆ ಹೊರಟವರೇ. ರಸ್ತೆ, ವಿದ್ಯುತ್ತು, ಸೇತುವೆಗೆ ದಶಕಗಟ್ಟಲೆ ಅನುಮತಿ ಸಿಗದ ಊರಿನವರು ಹೊರಡಲು ಒಪ್ಪಿದಾಗ ಆ ಒಪ್ಪಿಗೆಯಲ್ಲಿ ಪ್ರೇರಣೆ ಎಷ್ಟು, ಬೇಸತ್ತದ್ದು ಎಷ್ಟು ಎಂದು ಕೇಳಬೇಕಾಗುತ್ತದೆ.

ಹೊಸ ಅರ್ಥ

ಈ ಪ್ರಶ್ನೆ ಕೇಳಲು ಬೇಕಾದ ಮಾತನ್ನು 20ನೇ ಶತಮಾನದ ಉತ್ತರಾರ್ಧದ ಚಿಂತಕರು ಒದಗಿಸಿದರು. ಬ್ರೆಜಿಲ್‌ನ ಪಾವ್ಲೊ ಫ್ರೇರೆ 1968ರಲ್ಲಿ ಬರೆದ, 1970ರಲ್ಲಿ ಇಂಗ್ಲಿಷಿಗೆ ಬಂದ ಗ್ರಂಥ ತುಳಿತಕ್ಕೊಳಗಾದವರನ್ನು ತಮ್ಮ ಬಿಡುಗಡೆಯ ಕರ್ತೃಗಳಾಗಿ ನೋಡಿತು. 1983ರಲ್ಲಿ ಮೆರಿಲಿನ್ ಫ್ರೈ ಒತ್ತುವುದೆಂಬ ಮೂಲಾರ್ಥಕ್ಕೇ ಮರಳಿ, ಪಂಜರದ ಒಂದೊಂದೇ ಸರಳನ್ನು ನೋಡಿದರೆ ಹಕ್ಕಿ ಯಾಕೆ ಹಾರಿಹೋಗುತ್ತಿಲ್ಲವೆಂಬುದು ತಿಳಿಯದು, ಎಲ್ಲ ಸರಳುಗಳ ಹೆಣಿಗೆಯನ್ನು ಒಟ್ಟಿಗೆ ನೋಡಬೇಕು ಎಂದರು. 1990ರ ಹೊತ್ತಿಗೆ ಐರಿಸ್ ಮೇರಿಯನ್ ಯಂಗ್ ಶೋಷಣೆ, ಅಂಚಿಗೆ ತಳ್ಳುವುದು, ಅಧಿಕಾರವಿಲ್ಲದಂತೆ ಮಾಡುವುದು, ಸಾಂಸ್ಕೃತಿಕ ಯಜಮಾನಿಕೆ, ಹಿಂಸೆ ಎಂಬ ಐದು ಮುಖಗಳನ್ನು ಗುರುತಿಸಿ, ದುಷ್ಟ ಉದ್ದೇಶದ ವ್ಯಕ್ತಿಯೊಬ್ಬನಿಲ್ಲದೆಯೂ ದಬ್ಬಾಳಿಕೆ ನಡೆಯಬಲ್ಲದೆಂದು ವಾದಿಸಿದರು. ಈ ವಾದದಿಂದ ದೊಡ್ಡ ಲಾಭವಾಗಿದೆ. ಕುಮರಿ ನಿಷೇಧ, ಬಿದಿರಿನ ದರ, ಮುಳುಗಡೆ, ಪಹಣಿ ಬಿಡಿಬಿಡಿಯಾಗಿ ಆಡಳಿತದ ತೀರ್ಮಾನಗಳಂತೆ ಕಾಣುತ್ತವೆ. ಒಂದೇ ಮನೆಯ ಮೂರು ತಲೆಮಾರಿನ ಮೇಲೆ ಅವು ಒಂದರ ಮೇಲೊಂದು ಬಿದ್ದಾಗ ಏನಾಗುತ್ತದೆಂದು ಈ ನೋಟ ತೋರಿಸುತ್ತದೆ. ಅಪಾಯವೂ ಇದೆ. ವ್ಯವಸ್ಥೆಯೇ ತುಳಿಯುತ್ತದೆ ಎಂದ ಮೇಲೆ ಸಹಿ ಹಾಕಿದವರಿಗೆ ತಪ್ಪಿಸಿಕೊಳ್ಳುವುದು ಸುಲಭ. 1855ರ ಆಯೋಗ ಕೆಳಗಿನ ನೌಕರನನ್ನು ತೋರಿಸಿ ಮೇಲಿನವನನ್ನು ಬಿಟ್ಟಿತು. ಇಂದು ವ್ಯವಸ್ಥೆಯನ್ನು ತೋರಿಸಿ ಇಬ್ಬರನ್ನೂ ಬಿಡಬಹುದು.

ಇದೇ ಪದ ಕಂಪನಿ ಕಾನೂನಿನಲ್ಲಿ ಬೇರೊಂದು ದಾರಿ ಹಿಡಿದಿದೆ. 1948ರ ಬ್ರಿಟಿಷ್ ಕಾಯ್ದೆಯಿಂದ ಬಂದು, ಭಾರತದ 1956ರ ಕಂಪನಿ ಕಾಯ್ದೆಯಲ್ಲೂ ಈಗ 2013ರ ಕಾಯ್ದೆಯ 241ನೇ ಕಲಮಿನಲ್ಲೂ ಅದು ಬಹುಸಂಖ್ಯೆಯ ಷೇರುದಾರರು ಅಲ್ಪಸಂಖ್ಯೆಯ ಷೇರುದಾರರಿಗೆ ಮಾಡುವ ಅನ್ಯಾಯದ ಹೆಸರು. ಅಲ್ಲಿ ಯಾರು ಯಾರನ್ನು ತುಳಿದರೆಂದು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಮುಂಡಗೋಡ

1959ರಲ್ಲಿ ದಲಾಯಿ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ನಿರಾಶ್ರಿತರಿಗೆ ನೆಲ ಕೊಟ್ಟ ರಾಜ್ಯಗಳಲ್ಲಿ ನಿಜಲಿಂಗಪ್ಪನವರ ಮೈಸೂರು ರಾಜ್ಯ ಮುಂದಿತ್ತು. ಬೈಲಕುಪ್ಪೆಯ ನಂತರ 1966ರಲ್ಲಿ ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ಕಾಡು ನೆಲದಲ್ಲಿ ಡೋಗುಲಿಂಗ್ ನೆಲೆ ಎದ್ದಿತು. 1960ರ ದಶಕದ ಕೊನೆಗೆ ಗಾಂಡೆನ್, ಡ್ರೆಪುಂಗ್ ಮಹಾವಿಹಾರಗಳು ಬಂಗಾಳದ ಬಕ್ಸಾ ಶಿಬಿರದಿಂದ ಇಲ್ಲಿಗೆ ಬಂದು ಮತ್ತೆ ಬೇರೂರಿದವು. ಊರವರು ಇಂದಿಗೂ ಇದನ್ನು ಟಿಬೆಟಿಯನ್ ಕ್ಯಾಂಪ್ ಎನ್ನುತ್ತಾರೆ. ಕ್ಯಾಂಪು ಅರುವತ್ತು ವರ್ಷ ಹಳೆಯದು. ಟಿಬೆಟಿಯನ್ನರ ಮಟ್ಟಿಗೆ ಒಪ್ರೆಸ್ ಎಂಬುದು ಇನ್ನೂ ಕರ್ತೃವಿರುವ ಕ್ರಿಯಾಪದ. ಯಾವ ಸೇನೆ, ಯಾವ ಸರ್ಕಾರ, ಯಾವ ವರ್ಷ ಎಂದು ಅವರು ಹೇಳಬಲ್ಲರು, ಜಗತ್ತೂ ಕೇಳಿಸಿಕೊಳ್ಳುತ್ತದೆ. ಅದೇ ತಾಲ್ಲೂಕಿನ ಗೌಳಿವಾಡಗಳಲ್ಲಿ ಎಮ್ಮೆ ಸಾಕಿಕೊಂಡಿರುವ ಗೌಳಿಗಳು ತಮ್ಮ ಕಷ್ಟಕ್ಕೆ ಅಂಥ ಒಂದು ಹೆಸರನ್ನು ಬೆರಳು ಮಾಡಿ ತೋರಿಸಲಾರರು. ಯಾರ ನೋವು ದೊಡ್ಡದೆಂದು ತೂಗುವ ಮಾತು ಇದಲ್ಲ. ಎರಡೂ ನೋವು ಒಂದೇ ಸಂತೆಯಲ್ಲಿ ಎದುರಾಗುತ್ತವೆ, ಒಂದಕ್ಕೆ ಭಾಷೆ ಸಿಕ್ಕಿದೆ.

ಪಟ್ಟಿಯ ಕಾಲ

1989ರ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ಕ್ರೌರ್ಯವನ್ನು ವಿಶೇಷ ಅಪರಾಧವಾಗಿಸಿತು. ದುರ್ಜನರ ಗುಣವೆಂಬ ಅರ್ಥದ ದೌರ್ಜನ್ಯ ಕನ್ನಡದಲ್ಲಿ ಆ ಅಪರಾಧದ ಹೆಸರಾಗಿ, ಪೊಲೀಸ್ ಠಾಣೆಯಲ್ಲಿ ದಾಖಲಾಗುವ ನಿಖರ ಪದವಾಯಿತು. ಈ ರಕ್ಷಣೆ ಪಟ್ಟಿಯಲ್ಲಿರುವವರಿಗೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರ ಜನವರಿಯಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರಲ್ಲಿ. ಜಿಲ್ಲೆಯ ಗಡಿ ದಾಟಿದ್ದಕ್ಕೆ ಒಂದೇ ಜನ ಹದಿನೇಳು ವರ್ಷ ಕಾಯಬೇಕಾಯಿತು. 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆಯೊಳಗೆ ಕಾಲಿಟ್ಟ ಮೊದಲ ಸಿದ್ದಿಯಾದರು. ಕುಣಬಿಗಳೂ ಗೌಳಿಗಳೂ ಅದೇ ಪಟ್ಟಿಗೆ ಸೇರಿಸಬೇಕೆಂದು ಹಲವು ದಶಕಗಳಿಂದ ಕೇಳುತ್ತಿದ್ದಾರೆ.

ಅರಣ್ಯದ ಅಂಚಿನ ಸಾಗುವಳಿಗೆ ಸರ್ಕಾರಿ ಹೆಸರು ಅತಿಕ್ರಮಣ. ಇದು ಒಪ್ರೆಸ್‌ನ ತಲೆಕೆಳಗಾದ ರೂಪ: ಒತ್ತಡಕ್ಕೆ ಸಿಕ್ಕವರೇ ಇಲ್ಲಿ ಮೇಲೆರಗಿದವರು. 1978ರ ಏಪ್ರಿಲ್ 27ರ ಹಿಂದಿನ ಅತಿಕ್ರಮಣವನ್ನು ಸಕ್ರಮಗೊಳಿಸುವ ಕಾರ್ಯ ಕೆಲವರನ್ನಷ್ಟೇ ತಲುಪಿತು. 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯವಾಗಿದೆಯೆಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡಿತು. ಭಾರತದ ಕಾಯ್ದೆಗಳಲ್ಲಿ ಅಂಥ ತಪ್ಪೊಪ್ಪಿಗೆ ಅಪರೂಪ. ಅನ್ಯಾಯ ಮಾಡಿದವರು ಯಾರೆಂಬುದಕ್ಕೂ ವಸಾಹತು ಕಾಲ ಮತ್ತು ಸ್ವತಂತ್ರ ಭಾರತ ಎರಡನ್ನೂ ಅದು ಹೆಸರಿಸುತ್ತದೆ. ಆ ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಸಾಗುವಳಿ ಮಾಡುತ್ತಿದ್ದರೆಂದು ತೋರಿಸಿದರೆ ಸಾಕು. ಪಟ್ಟಿಯಲ್ಲಿಲ್ಲದ ಪಾರಂಪರಿಕ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನ ಆಸರೆಯಲ್ಲಿದ್ದರೆಂದು ತೋರಿಸಬೇಕು. ಪಕ್ಕಪಕ್ಕದ ಗದ್ದೆಗಳ ಸಿದ್ದಿಗೊಂದು ಅಳತೆ, ಕುಣಬಿಗೊಂದು ಅಳತೆ. ಕುಣಬಿಯ ಮೊಮ್ಮಗ 1930ರಷ್ಟು ಹಿಂದಿನ ಪುರಾವೆ ತರಬೇಕು. ಆಗಿನ ಅರಣ್ಯ ಕಡತಗಳು ಅಂಥವರ ಹೆಸರನ್ನು ಬರೆದದ್ದು ಹೆಚ್ಚಾಗಿ ದಂಡ ಹಾಕಿದಾಗ. ಮೂರು ತಲೆಮಾರು ಅದೇ ತುಂಡು ನೆಲದಲ್ಲಿದ್ದರೆಂದು ತೋರಿಸಬೇಕಾಗಿಲ್ಲ, ಆ ಸೀಮೆಯಲ್ಲಿ ಬದುಕಿದರೆಂದು ತೋರಿಸಿದರೆ ಸಾಕೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಪರಿಗಣಿಸಲು ಕಾಯ್ದೆಯ 13ನೇ ನಿಯಮದಲ್ಲಿ ಅವಕಾಶವಿದೆ. ಆ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಗ್ರಾಮದ ಅರಣ್ಯ ಹಕ್ಕು ಸಮಿತಿಯದು; ಹೇಳಬಲ್ಲ ಹಿರಿಯರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ.